ಮಾಳಿಗೆಯ ಮೇಲಿನ ಮಣ್ಣು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಭೀಮೆಗೂ ಕೃಷ್ಣೆಗೂ ನಡುವಣ ಈ ಎರೆನಾಡಿನಲ್ಲಿ ಹಳೆಯ ಮನೆಯೆಂದರೆ ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ ಜಂತಿಗಳ ಮಾಳಿಗೆ, ಅದರ ಮೇಲೆ ಹಾಸಿದ ಮಣ್ಣು, ಬೆಳಕಿಗೊಂದು ಬೆಳಕಿಂಡಿ. ಹೊರಗೆ ಬಿಸಿಲು ಕೆಂಡ ಸುರಿಯುತ್ತಿದ್ದರೂ ಪಡಸಾಲೆ ತಂಪು. ಮಳೆಗಾಲದ ಮುಂಚೆ ಮಾಳಿಗೆಯ ಮೇಲೆ ಸವಳುಮಣ್ಣು ಹರಡುವರು; ನೆನೆದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದು. ಹಿರಿಯರ ಈ ಉಪಾಯವನ್ನು ಯಾವ ಇಂಜಿನಿಯರನೂ ಹೀಗಳೆಯಲಾರ.

ಆದರೆ ವರ್ಷವರ್ಷವೂ ಮಣ್ಣಿನ ಮೇಲೆ ಮಣ್ಣು ಬಿದ್ದರೆ? 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ಮೇಲೆ ಒಂದಡಿ ಮಣ್ಣೆಂದರೆ ಐದು ಟನ್ನಿಗೂ ಮೀರಿದ ಭಾರ! ಅದರ ಅಡಿಯಲ್ಲಿ ಮಕ್ಕಳು ಮಲಗಿರುತ್ತಾರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಇಂಥವೇ ಮನೆಗಳು ಕುಸಿದು, ಏಳು ಸಾವಿರಕ್ಕೂ ಹೆಚ್ಚು ಜನ ಮಡಿದರು. ಗೋಡೆಯ ಒಳ ಹೊರ ಪದರಗಳನ್ನು ಬಿಗಿಹಿಡಿಯುವ ಅಡ್ಡಗಲ್ಲುಗಳಿರಲಿಲ್ಲ. ಮೇಲಿನ ಭಾರವೋ ಅಪಾರ. 2021ರಲ್ಲಿ ವಿಜಯಪುರ ಜಿಲ್ಲೆಯಲ್ಲಿಯೂ ಸಣ್ಣ ಕಂಪನಗಳಾದಾಗ ಅನೇಕರಿಗೆ ಕಿಲ್ಲಾರಿಯ ನೆನಪಾಗದಿರಲಿಲ್ಲ.

ಹಾಗೆಂದು ಹಳೆಯ ಮನೆಯನ್ನು ಕೆಡವಬೇಕಾಗಿಲ್ಲ. ಮಾಳಿಗೆಯ ಮಣ್ಣನ್ನು ತೆಳುಗೊಳಿಸಿ, ನಡುವೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಹಾಸಿ, ಗೋಡೆಗೆ ಅಡ್ಡಗಲ್ಲು ಸೇರಿಸಿದರೆ ಅರ್ಧ ಗಂಡಾಂತರ ಕಳೆದಂತೆಯೇ.

ಹೊಸದಾಗಿ ಕಟ್ಟುವವರಿಗೆ ಬೇರೊಂದು ದಾರಿಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತವರ ಸಂಗಡಿಗರು ಮಣ್ಣಿನ ಇಟ್ಟಿಗೆಯ ಸಂಶೋಧನೆ ನಡೆಸಿದರು. ಮರಳು ಬೆರೆತ ಕೆಂಪು ಮಣ್ಣಿಗೆ ನೂರಕ್ಕೆ ಆರೇಳು ಭಾಗ ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಬಲವಾಗಿ ಒತ್ತಿದರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ, ಸೌದೆಯ ಖರ್ಚಿಲ್ಲ.

ಎರೆಮಣ್ಣು ಮಾತ್ರ ಈ ಇಟ್ಟಿಗೆಗೆ ಒಗ್ಗದು. ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು ಅದರ ಗುಣ. ಸುಣ್ಣ ಬೆರೆಸಿ ಪಳಗಿಸಬಹುದಾದರೂ, ಕೆಂಪು ಮಣ್ಣನ್ನು ತರಿಸುವುದೇ ಲೇಸು. ಇದೇ ಗುಣದಿಂದ ಅಡಿಪಾಯಕ್ಕೂ ಕಾಟ: ಹೊಚ್ಚ ಹೊಸ ಗೋಡೆ ಬಿರುಕು ಬಿಡುವುದು ಇಲ್ಲಿ ಹೊಸ ಸಂಗತಿಯಲ್ಲ. ಎರೆಯನ್ನು ಅಗೆದು ತೆಗೆದು ಗರಸು ತುಂಬುವುದು ರೂಢಿಯ ಪರಿಹಾರ. ಎರೆ ಬಹಳ ಆಳವಾಗಿದ್ದಲ್ಲಿ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳು ಹೆಚ್ಚು ನಂಬಿಕೆಗೆ ಯೋಗ್ಯ.

ನೆಲಹಾಸಿಗೆ ತಾಳಿಕೋಟೆಯ ಕಲ್ಲು ಹತ್ತಿರದಲ್ಲೇ ಉಂಟು. ದೂರದ ಹೊಳಪಿನ ಹಾಸಿಗೆ ಏಕೆ ಹಣ ಸುರಿಯಬೇಕು?

ಒಂದು ಎಚ್ಚರಿಕೆ ಉಳಿಯಿತು. ಒತ್ತಿದ ಇಟ್ಟಿಗೆಗೆ ಮೂರು ವಾರ ನೀರುಣಿಸಬೇಕು. ಬಾವಿಗಳು ಬತ್ತುವ ಏಪ್ರಿಲ್ ತಿಂಗಳಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಪರದಾಡುವರು. ದೀಪಾವಳಿ ಕಳೆದೊಡನೆ ಆರಂಭಿಸಿದರೆ ಸಂಕ್ರಾಂತಿಯ ಹೊತ್ತಿಗೆ ಗೋಡೆ ಏಳಿಸಬಹುದು.