ಲೆಕ್ಕದ ಪೆಟ್ಟಿಗೆಯ ಕಾವಲು: ಕಲಿಯುವುದು ಯಾರಿಂದ?



ಕಳೆದ ಬಲಿಪಾಡ್ಯಮಿಯಂದು ಬೈಲಹೊಂಗಲದ ಅಡತಿ ಅಂಗಡಿಯೊಂದಕ್ಕೆ ಪೂಜೆಯ ನಿಮಿತ್ತ ಹೋಗಿದ್ದೆ. ಕೀರ್ದಿ-ಖತಾವಣಿಗಳಿಗೆ ಕುಂಕುಮ ಏರಿಸಿ ಪೇಢೆ ಹಂಚಿದ ಮೇಲೆ ಮಾಲೀಕರು ಮೂಲೆಯಲ್ಲಿದ್ದ ಗಣಕಯಂತ್ರವನ್ನು ತೋರಿಸಿ, “ಆಡಿಟರ್ ಸಾಹೇಬ್ರ, ಪೂಜಾ ಪುಸ್ತಕಕ್ಕ ಆತು, ಲೆಕ್ಕ ಮಾತ್ರ ಎಲ್ಲಾ ಇದರಾಗ ಐತಿ. ಇದನ್ನ ಕಾಯೋದು ಯಾರ ಕಡೆ ಕಲೀಬೇಕ್ರಿ?” ಎಂದು ಕೇಳಿದರು.

ಆ ಪ್ರಶ್ನೆಯ ಹಿಂದೆ ನೋವಿತ್ತು. ಎರಡು ತಿಂಗಳ ಹಿಂದೆ ಗೋಣಿಚೀಲ ಪೂರೈಸುವವರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇ-ಮೇಲ್ ಬಂದಿತ್ತು. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿತ್ತು. ದಿವಾಣಜಿ ಆರ್‌ಟಿಜಿಎಸ್ ಅರ್ಜಿ ಬರೆದರು, ಮಾಲೀಕರು ಸಹಿ ಮಾಡಿದರು. 4 ಲಕ್ಷ 60 ಸಾವಿರ ರೂಪಾಯಿ ಹೋಯಿತು. ಒಂಬತ್ತನೆಯ ದಿನ ನಿಜವಾದ ಪೂರೈಕೆದಾರರು ಬಾಕಿ ಕೇಳಿದಾಗಲೇ ಮೋಸ ಬಯಲಾದದ್ದು.

ಇಲ್ಲಿ ಒಂದು ಅಂಶವನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇನೆ. ಗ್ರಾಹಕರ ಹೊಣೆಯನ್ನು ಮಿತಿಗೊಳಿಸಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯನ್ನು ಹಲವರು ಕೇಳಿದ್ದಾರೆ. ಹೊರಗಿನವರ ಕೈವಾಡದಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ ಎಂದು ಅದು ಹೇಳಿತು. ಆದರೆ ಅದು ಅನಧಿಕೃತ ವರ್ಗಾವಣೆಗೆ ಸಂಬಂಧಿಸಿದ್ದು. ನಾವೇ ಸಹಿ ಮಾಡಿ ಕಳಿಸಿದ ಹಣಕ್ಕೆ ಆ ರಕ್ಷಣೆಯನ್ನು ನಂಬಿ ಕೂಡುವಂತಿಲ್ಲ. ಉಳಿದ ದಾರಿ ಎಂದರೆ 1930 ಸಂಖ್ಯೆಗೆ ತಕ್ಷಣ ಕರೆ ಮಾಡುವುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಹಿಡಿಯುವುದು ಅದರ ಉದ್ದೇಶವಾದ್ದರಿಂದ, ಅಲ್ಲಿ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು.

ಬುದ್ಧಿ ಹೇಳುವ ನಾನೂ ತಪ್ಪಿತಸ್ಥನೇ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಉಚಿತವಾಗಿ ನೀಡಿತ್ತು. ನನ್ನ ಕಛೇರಿಯಲ್ಲಿ ಅದನ್ನು ಯಾರೂ ಹಾಕಿರಲಿಲ್ಲ. ನಾವು ಪಾರಾದದ್ದು ಕೇವಲ ಅದೃಷ್ಟದಿಂದ. ಆ ಯಂತ್ರದಲ್ಲಿ ಅಂದು ಏನಿತ್ತೆಂದರೆ, ಎಲ್ಲ ಕಕ್ಷಿದಾರರ ತೆರಿಗೆ ಪೋರ್ಟಲ್‌ಗಳ ಪಾಸ್‌ವರ್ಡ್‌ಗಳು ಒಂದೇ ಎಕ್ಸೆಲ್ ಕಡತದಲ್ಲಿ! ಬಿ.ಕಾಂ. ಓದಿ ಲೆಕ್ಕಪರಿಶೋಧಕನಾದವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅಂದಿನಿಂದ ಬಲ್ಲವರ ಬರಹಗಳನ್ನು ಬೆನ್ನುಹತ್ತಿದ್ದೇನೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಕಾರ್ಯನಿರತವಾಗಿದ್ದು, ತಂತ್ರಾಂಶಗಳ ದೋಷಗಳ ಕುರಿತು ಸೂಚನೆಗಳನ್ನು ಪ್ರಕಟಿಸುತ್ತದೆ. ಅವುಗಳ ಭಾಷೆ ಕಠಿಣ. ಪೂರ್ತಿ ಅರ್ಥವಾಗಬೇಕೆಂದೇನೂ ಇಲ್ಲ. ನಾವು ಬಳಸುವ ತಂತ್ರಾಂಶದ ಹೆಸರು ಅದರಲ್ಲಿದೆಯೇ ಎಂದು ನೋಡಿ, ಇದ್ದರೆ ಗಣಕಯಂತ್ರ ದುರಸ್ತಿಯವರ ಮುಂದೆ ಇಟ್ಟು “ಇದು ಆಗಿದೆಯೇ?” ಎಂದು ಕೇಳಿದರೆ ಸಾಕು. ಇದೇ ಸಂಸ್ಥೆ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ತಾಸುಗಳೊಳಗೆ ವರದಿ ಮಾಡಬೇಕು. ಸಣ್ಣ ಉದ್ದಿಮೆಗಳಿಗೂ ಅದೇ ವರ್ಷದ ಸೆಪ್ಟೆಂಬರ್ 25ರಿಂದ ಇದು ಅನ್ವಯಿಸಿತೆಂಬುದು ನಮ್ಮ ಪೇಟೆಯಲ್ಲಿ ಎಷ್ಟು ಮಂದಿಗೆ ಗೊತ್ತು?

ದಿವಾಣಜಿ ಹಾಗೂ ಮನೆಮಂದಿಗೆ ಸಿ-ಡ್ಯಾಕ್ ನಡೆಸುವ ಐಸಿಯಾ ಯೋಜನೆಯ ತಿಳಿವಳಿಕೆ ಸಾಮಗ್ರಿ ಉತ್ತಮ. ಕೇಂದ್ರ ಗೃಹ ಸಚಿವಾಲಯದ ‘ಸೈಬರ್ ದೋಸ್ತ್’ ಪ್ರಕಟಣೆಗಳು ಚಿಕ್ಕವು, ಅಂಗಡಿಯಲ್ಲಿ ನಿಂತೇ ಓದಬಹುದು. ಇಂಗ್ಲಿಷ್ ಬಲ್ಲವರಿಗೆ ಬ್ರೂಸ್ ಶ್ನೈಯರ್ ಅವರು 1998ರಿಂದ ಹೊರತರುತ್ತಿರುವ ‘ಕ್ರಿಪ್ಟೋ-ಗ್ರಾಂ’ ಮಾಸಪತ್ರವಿದೆ. ಯಂತ್ರಕ್ಕಿಂತ ಮನುಷ್ಯನ ನಡವಳಿಕೆಯ ಮೇಲೆ ಅವರ ಕಣ್ಣು ಹೆಚ್ಚು. ಕಾಲೇಜು ಮಕ್ಕಳು ಎನ್‌ಪಿಟೆಲ್ ಪಾಠಗಳನ್ನು ಶುಲ್ಕವಿಲ್ಲದೆ ಕೇಳಬಹುದು.

ಇನ್ನು ತರಬೇತಿ ಸಂಸ್ಥೆಗಳ ಮಾತು. ‘ಮೂವತ್ತು ದಿನಗಳಲ್ಲಿ ಎಥಿಕಲ್ ಹ್ಯಾಕರ್’ ಎಂಬ ಕರಪತ್ರ ನನ್ನ ಮೇಜಿಗೂ ಬಂದಿತ್ತು. ಹ್ಯಾಕಿಂಗ್ ಕಲಿಯುವುದು ಆ ವೃತ್ತಿ ಹಿಡಿಯುವವರಿಗೆ ಬೇಕು. ಸವದತ್ತಿಯ ಕಾಳಿನ ವ್ಯಾಪಾರಿಗಾಗಲಿ, ರಾಮದುರ್ಗದ ಸೀರೆ ವ್ಯಾಪಾರಿಗಾಗಲಿ, ಕಿತ್ತೂರಿನ ರಸಗೊಬ್ಬರದಂಗಡಿಗಾಗಲಿ ಬೇಕಾದದ್ದು ಬೀಗ ಒಡೆಯುವ ವಿದ್ಯೆಯಲ್ಲ, ಬೀಗ ಹಾಕುವ ರೂಢಿ. ಹಣ ಕಟ್ಟುವ ಮೊದಲು ಕಲಿಸುವವರು ಎಲ್ಲಿ ಕೆಲಸ ಮಾಡಿದ್ದಾರೆ ಎಂದು ಕೇಳಿರಿ. ಅಭ್ಯಾಸಕ್ಕೆಂದು ನಿಮ್ಮ ನಿಜವಾದ ಲೆಕ್ಕದ ಕಡತ ಕೇಳಿದರೆ ಅಲ್ಲಿಂದ ಎದ್ದು ಬನ್ನಿರಿ.

ಸಹಕಾರಿ ಪತ್ತಿನ ಸಂಘಗಳ ನಿರ್ದೇಶಕರು ಇದನ್ನು ಬೇರೆಯವರ ಕಥೆ ಎಂದು ತಿಳಿಯಬಾರದು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. 2025ರ ಮಾರ್ಚ್‌ನಲ್ಲಿ ನಮ್ಮ ನೆರೆಯ ಖಾನಾಪುರ ತಾಲೂಕಿನಲ್ಲಿ ‘ಡಿಜಿಟಲ್ ಅರೆಸ್ಟ್’ ವಂಚಕರ ಕಾಟಕ್ಕೆ ವೃದ್ಧ ದಂಪತಿ ಪ್ರಾಣವನ್ನೇ ಕಳೆದುಕೊಂಡರು. ಅಂತಹ ಬಂಧನವೆಂಬುದು ಕಾನೂನಿನಲ್ಲಿಯೇ ಇಲ್ಲ ಎಂಬ ಒಂದು ಮಾತು ಅವರಿಗೆ ಸಕಾಲದಲ್ಲಿ ತಲುಪಿದ್ದರೆ!

ಬೈಲಹೊಂಗಲದ ಆ ಅಂಗಡಿಯಲ್ಲಿ ಈಗ ಖಾತೆ ಬದಲಾವಣೆಯ ಪತ್ರ ಬಂದರೆ ಹಳೆಯ ವಹಿಯಲ್ಲಿರುವ ದೂರವಾಣಿ ಸಂಖ್ಯೆಗೇ ಕರೆ ಹೋಗುತ್ತದೆ, ಪತ್ರದಲ್ಲಿರುವ ಸಂಖ್ಯೆಗಲ್ಲ. ಹೋದ ಹಣದಲ್ಲಿ 38 ಸಾವಿರ ಮಾತ್ರ ದೂರದ ಒಂದು ಖಾತೆಯಲ್ಲಿ ತಡೆಹಿಡಿಯಲ್ಪಟ್ಟಿದ್ದು, ಅದರ ಬಿಡುಗಡೆಗೆ ಮಾಲೀಕರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಕಾಯುತ್ತಿದ್ದಾರೆ.