ರೌಟರ್ ಕೈಪಿಡಿಗೆ ಒಂದೇ ಮಾತಿರಲಿ

ನಂದಿನಿ ಲೇಔಟ್‌ನ ನಮ್ಮ ಬೀದಿಯಲ್ಲಿ ಇಂಟರ್ನೆಟ್ ಕೊಡುವವರು ಕೇಬಲ್‌ನವರೇ. ಕಂಬದಿಂದ ಮರಕ್ಕೆ, ಮರದಿಂದ ತಾರಸಿಗೆ ಎಳೆದ ಫೈಬರ್ ಮನೆಯೊಳಗಿನ ಪುಟ್ಟ ಪೆಟ್ಟಿಗೆಗೆ ಬಂದು ಸೇರುತ್ತದೆ. ಅನೇಕ ಮನೆಗಳಲ್ಲಿ ಆ ಪೆಟ್ಟಿಗೆಯ ವಿಳಾಸ 192.168.1.1. ಹಳೆಯ ರೌಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದರೆ ಅದರ ವಿಳಾಸವೂ ಅದೇ. ಎರಡನ್ನೂ ಹಾಗೇ ಜೋಡಿಸಿದರೆ ಒಳಗಿನ ಜಾಲ ಯಾವುದು, ಹೊರಗಿನದು ಯಾವುದು ಎಂದು ರೌಟರ್‌ಗೆ ತಿಳಿಯುವುದಿಲ್ಲ. ಇಂಟರ್ನೆಟ್ ಬರುವುದಿಲ್ಲ. ಒಂದರ ವಿಳಾಸ ಬದಲಿಸಬೇಕು, ಅಷ್ಟೇ.

ಪಕ್ಕದ ಮನೆಯ ಡಿಪ್ಲೊಮಾ ಹುಡುಗಿ ಇದಕ್ಕೇ ಒಂದು ಕೈಪಿಡಿ ಹಿಡಿದು ಬಂದಳು. "ಆಂಟಿ, ಇಲ್ಲಿ 192.168.2.1 ಅಂತ ಬದಲಾಯಿಸಿ ಅಂದಿದ್ದಾರೆ. ಮುಂದಿನ ಪುಟದಲ್ಲಿ ಮತ್ತೆ 1.1ಗೇ ಹೋಗಿ ಅಂತಾರಲ್ಲ?" ಬಿಡಿಯಾಗಿ ನೋಡಿದರೆ ಎರಡು ಪುಟವೂ ಸರಿ. ಬರೆದವರು ಬೇರೆ, ಬರೆದ ಕಾಲ ಬೇರೆ. ಓದುವವಳು ಮಾತ್ರ ಒಬ್ಬಳೇ.

ತಾಂತ್ರಿಕ ಬರವಣಿಗೆಯೇ ನನ್ನ ಕಸುಬು. ಮುಕ್ತ ತಂತ್ರಾಂಶವನ್ನು ಜನ ಅರ್ಧಕ್ಕೆ ಕೈಬಿಡುವುದು ಇಂಥ ಕಡೆಯಲ್ಲೇ ಎಂಬುದು ನನ್ನ ಅನುಭವ. ತಂತ್ರಾಂಶ ಬದಲಾಗುತ್ತಲೇ ಇರುತ್ತದೆ, ಅದು ತಪ್ಪಲ್ಲ. 2004ರಲ್ಲಿ ಶುರುವಾದ ಓಪನ್‌ಡಬ್ಲ್ಯುಆರ್‌ಟಿಯನ್ನೇ ನೋಡಿ. 2021ರ 21.02 ಆವೃತ್ತಿಯಲ್ಲಿ ಹಲವು ಸಾಧನಗಳ ಪೋರ್ಟ್‌ಗಳ ಹೆಸರೇ ಬದಲಾಯಿತು: 'ಈಥ್0.2' ಇದ್ದ ಕಡೆ 'ವ್ಯಾನ್' ಬಂತು. ಮರುವರ್ಷದ 22.03ರಲ್ಲಿ ಫೈರ್‌ವಾಲ್ ಐಪಿಟೇಬಲ್ಸ್ ಬಿಟ್ಟು ಎನ್‌ಎಫ್‌ಟೇಬಲ್ಸ್‌ಗೆ ಹೋಯಿತು. ಆದರೆ ಹಳೆಯ ಸೂಚನೆಗಳು ಎಲ್ಲಿಗೂ ಹೋಗುವುದಿಲ್ಲ, ಹುಡುಕಿದವರ ಕೈಗೆ ಮೊದಲು ಸಿಗುವುದೂ ಎಷ್ಟೋ ಸಲ ಅವೇ. ಹಳೆಯ ಸಾಲನ್ನು ಹೊಸ ರೌಟರ್‌ಗೆ ಅಂಟಿಸಿದವರು ತಮಗೇ ತಿಳಿವಳಿಕೆ ಸಾಲದು ಅಂದುಕೊಂಡು ಸುಮ್ಮನಾಗುತ್ತಾರೆ. ನನಗೆ ನೋವಾಗುವುದು ಇಲ್ಲೇ.

ನಾನು ಹಟ ಹಿಡಿಯುವುದು ಒಂದಕ್ಕೆ. ಒಂದು ಹೆಜ್ಜೆಯನ್ನು ಒಂದೇ ಜಾಗದಲ್ಲಿ ಬರೆಯಬೇಕು. ಬೇಕಾದ ಪುಟಗಳೆಲ್ಲ ಅದನ್ನು ಅಲ್ಲಿಂದಲೇ ಎಳೆದುಕೊಳ್ಳಬೇಕು. ನಕಲು ಮಾಡಿದ ದಿನವೇ ಎರಡು ಮಾತಿಗೆ ದಾರಿಯಾಯಿತು. ಯಾವ ಆವೃತ್ತಿಗೆ ಬರೆದದ್ದೆಂದು ಪುಟದ ತಲೆಯಲ್ಲೇ ಇರಲಿ. ಹೊಸ ಆವೃತ್ತಿ ಬಂದಾಗ ರೌಟರ್ ರೀಸೆಟ್ ಮಾಡಿ, ಬರೆದದ್ದನ್ನಷ್ಟೇ ನಂಬಿ, ಮೊದಲಿಂದ ಕೊನೆತನಕ ಯಾರಾದರೂ ಮಾಡಿ ನೋಡಲಿ.

ಉದಾಹರಣೆಗೆ ಕೊಡುವ ವಿಳಾಸಗಳಿಗೂ ಒಂದು ಏರ್ಪಾಡಿದೆ. 192.0.2, 198.51.100, 203.0.113 ಎಂದು ಆರಂಭವಾಗುವ ವಿಳಾಸಗಳನ್ನು ಕೈಪಿಡಿಗಳಿಗೆಂದೇ ಮೀಸಲಿಡಲಾಗಿದೆ. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳಲ್ಲಿ ಒಂದಾದ 2010ರ ಆರ್‌ಎಫ್‌ಸಿ 5737 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅವನ್ನು ಬಳಸಿದರೆ ಓದುಗರು ಯಾರದೋ ನಿಜವಾದ ಸರ್ವರ್‌ನ ವಿಳಾಸವನ್ನು ತಮ್ಮ ರೌಟರ್‌ಗೆ ತುಂಬುವ ಅಪಾಯವಿಲ್ಲ.

ಓಪನ್‌ಡಬ್ಲ್ಯುಆರ್‌ಟಿಯ ಕೈಪಿಡಿ ವಿಕಿ ರೂಪದಲ್ಲಿದೆ, ಖಾತೆ ಇದ್ದವರು ತಿದ್ದಬಹುದು. ಎರಡು ಪುಟ ಎರಡು ಮಾತು ಹೇಳಿದ್ದು ಕಂಡರೆ, ನಿಮ್ಮ ರೌಟರ್ ಸರಿಹೋಯಿತೆಂದು ಎದ್ದುಬಿಡಬೇಡಿ. ಸಾಧನದ ಹೆಸರು, ಆವೃತ್ತಿ ಸಂಖ್ಯೆ, ಎಲ್ಲಿ ಎಡವಿದಿರಿ ಎಂಬುದನ್ನು ಬರೆದು ತಿಳಿಸಿ.