ಬ್ರೇಕಿನ ಬ್ರಾಕೆಟ್: ಮಿತವ್ಯಯದ ಮೇರೆ ಎಲ್ಲಿ?

ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸ್ಪರ್ಧೆಗಳಿಗಾಗಿ ತಾವೇ ಸಣ್ಣ ಕಾರುಗಳನ್ನು ಕಟ್ಟುವುದುಂಟು. ಬ್ರೇಕಿನ ತಟ್ಟೆ, ಅದನ್ನು ಎರಡು ಕಡೆಯಿಂದಲೂ ಅದುಮಿ ಹಿಡಿಯುವ ಕ್ಯಾಲಿಪರ್ ಮೊದಲಾದುವು ಅಂಗಡಿಯಲ್ಲಿ ದೊರೆಯುತ್ತವೆ. ಆದರೆ ಕ್ಯಾಲಿಪರನ್ನು ಚಕ್ರದ ಬಳಿ ಭದ್ರವಾಗಿ ನಿಲ್ಲಿಸುವ ಬ್ರಾಕೆಟ್ಟನ್ನು ಸಾಮಾನ್ಯವಾಗಿ ಆಯಾ ವಾಹನದ ಅಳತೆಗೆ ತಕ್ಕಂತೆ ವರ್ಕ್‌ಶಾಪಿನಲ್ಲಿ ಮಾಡಿಸಬೇಕಾಗುತ್ತದೆ. ಕೈಯಲ್ಲಿರುವ ಹಣವೋ ಸ್ವಲ್ಪ. ಎಲ್ಲಿ ಉಳಿತಾಯ ಮಾಡಬಹುದು, ಎಲ್ಲಿ ಮಾಡಬಾರದು?

ಮೊದಲು ಈ ತುಂಡಿನ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕೋಣ. ಚಾಲಕನೂ ಸೇರಿ ವಾಹನದ ರಾಶಿ ೩೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಬ್ರೇಕನ್ನು ಬಲವಾಗಿ ಒತ್ತಿದಾಗ ಅದರ ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೮ ಮೀಟರಿನಂತೆ ಇಳಿದರೆ, ನೆಲವು ಚಕ್ರಗಳನ್ನು ಹಿಂದಕ್ಕೆ ತಳ್ಳುವ ಒಟ್ಟು ಬಲ ೨,೪೦೦ ನ್ಯೂಟನ್. ಆಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಒಂದೊಂದು ಚಕ್ರದ ಪಾಲು ಸುಮಾರು ೮೦೦ ನ್ಯೂಟನ್ ಆಗಬಹುದು. ಚಕ್ರದ ತ್ರಿಜ್ಯ ೨೮ ಸೆಂಟಿಮೀಟರ್. ಕ್ಯಾಲಿಪರ್ ತಟ್ಟೆಯನ್ನು ಹಿಡಿಯುವ ಸ್ಥಳ ಕೇಂದ್ರದಿಂದ ೭ ಸೆಂಟಿಮೀಟರ್ ಎನ್ನೋಣ. ಸನ್ನೆಯ ನಿಯಮದಂತೆ ಅಲ್ಲಿ ಬೇಕಾಗುವ ಬಲ ನಾಲ್ಕು ಪಟ್ಟು, ಎಂದರೆ ೩,೨೦೦ ನ್ಯೂಟನ್. ಇಡೀ ವಾಹನವನ್ನು ಚಾಲಕನ ಸಮೇತ ಆ ಒಂದು ತುಂಡಿಗೆ ತೂಗುಹಾಕಿದರೂ ಬೀಳುವ ಬಲ ಇದಕ್ಕಿಂತ ಕಡಿಮೆಯೇ!

ಇನ್ನು ವೆಚ್ಚದ ವಿಚಾರ. ಇಂತಹ ಚಿಕ್ಕ ತುಂಡಿನಲ್ಲಿ ಲೋಹದ ಬೆಲೆಗಿಂತ ಯಂತ್ರದ ವೇಳೆಯ ಬೆಲೆಯೇ ಹೆಚ್ಚು. ತುಂಡನ್ನು ಯಂತ್ರಕ್ಕೆ ಬಿಗಿದು ಅಣಿಗೊಳಿಸುವುದಕ್ಕೂ ವೇಳೆ ಹಿಡಿಯುತ್ತದೆ. ಆದುದರಿಂದ ಎಡಕ್ಕೂ ಬಲಕ್ಕೂ ಒಂದೇ ಆಕಾರವು ಹೊಂದುವಂತೆ ನಕ್ಷೆ ಬರೆದು, ಎಲ್ಲವನ್ನೂ ಒಮ್ಮೆಗೇ ಮಾಡಿಸುವುದು ಲೇಸು. ಚಪ್ಪಟೆಯಾದ ಹಲಗೆಯಿಂದಲೇ ಕೆಲಸವಾಗುವಂತಿದ್ದರೆ ಹೊರ ಅಂಚನ್ನು ಲೇಸರಿನಿಂದ ಕತ್ತರಿಸಿ, ರಂಧ್ರಗಳನ್ನೂ ಕ್ಯಾಲಿಪರ್ ಕೂರುವ ಮುಖವನ್ನೂ ಮಾತ್ರ ಮಿಲ್ಲಿಂಗ್ ಯಂತ್ರದಲ್ಲಿ ನಿಖರಗೊಳಿಸಬಹುದು. ಹೊರ ಅಂಚು ಅರ್ಧ ಮಿಲಿಮೀಟರ್ ತಪ್ಪಿದರೆ ಬಾಧಕವಿಲ್ಲ. ಬೋಲ್ಟಿನ ರಂಧ್ರಗಳು ಅಷ್ಟು ತಪ್ಪಿದರೆ ತುಂಡು ಕೂರದು. ಮೊದಲು ರಟ್ಟಿನ ಮಾದರಿಯನ್ನು ಚಕ್ರಕ್ಕೆ ಹೊಂದಿಸಿ ನೋಡಿದರೆ ಅಳತೆಯ ದೊಡ್ಡ ತಪ್ಪುಗಳು ಅಲ್ಲೇ ಬಯಲಾಗುತ್ತವೆ.

ಮಿತವ್ಯಯವೂ ಬಲವೂ ಕೂಡಿಬರುವ ಸ್ಥಳವೊಂದುಂಟು: ಒಳಮೂಲೆ. ಮಿಲ್ಲಿಂಗಿನ ಕಟರ್ ದುಂಡಗಿನದು. ಅದು ಚೂಪಾದ ಒಳಮೂಲೆಯನ್ನು ಕೊರೆಯಲಾರದು. ಅಂತಹ ಮೂಲೆಯಲ್ಲಿ ಬಲವು ಒಟ್ಟುಗೂಡಿ ಬಿರುಕು ಹುಟ್ಟುವ ಭಯವೂ ಉಂಟು. ಮೂಲೆಯನ್ನು ದುಂಡಾಗಿಸಿದರೆ ಎರಡು ತೊಂದರೆಗಳೂ ನೀಗುತ್ತವೆ.

ಆದರೆ ಲೋಹದ ವಿಷಯದಲ್ಲಿ ಜಿಪುಣತನ ಸಲ್ಲದು. ೬೦೬೧ ಎಂಬ ಅಲ್ಯೂಮಿನಿಯಂ ಮಿಶ್ರಲೋಹವು ಟಿ-೬ ಎಂಬ ಶಾಖಸಂಸ್ಕಾರದಿಂದ ಗಟ್ಟಿಗೊಂಡಿದ್ದರೆ ಸುಮಾರು ೨೭೫ ಮೆಗಾಪಾಸ್ಕಲ್ ವರೆಗೆ ಶಾಶ್ವತವಾಗಿ ಬಾಗದೆ ತಡೆಯುತ್ತದೆ; ಕಾಯಿಸಿ ಮೆದುಗೊಳಿಸಿದ ಸ್ಥಿತಿಯಲ್ಲಿ ಅದರ ಐದನೆಯ ಒಂದು ಪಾಲಷ್ಟೆ. ಕಣ್ಣಿಗೆ ಎರಡೂ ಒಂದೇ! ಗುಜರಿಯ ತುಂಡು ಎಷ್ಟೇ ಹೊಳೆದರೂ ಅದರ ಪೂರ್ವಚರಿತ್ರೆ ನಮಗೆ ತಿಳಿಯದು. ಆದಕಾರಣ ಪರೀಕ್ಷಾಪತ್ರವಿರುವ ಲೋಹವನ್ನೇ ಕೊಳ್ಳಬೇಕು.

ಯಂತ್ರದ ವೇಳೆಯನ್ನು ಬುದ್ಧಿಯಿಂದ ಉಳಿಸೋಣ. ಲೋಹವನ್ನು ಮಾತ್ರ ನಂಬಿಕೆಯ ಮೇಲೆ ಕೊಳ್ಳದಿರೋಣ. ಬ್ರೇಕ್ ಒತ್ತುವ ಕಾಲು ನಮ್ಮ ಗೆಳೆಯನದೇ ಅಲ್ಲವೆ?